ಲಿಗಮೆಂಟ್ ಇಲ್ಲದ ಮಂಡಿಯಲ್ಲಿ 27 ವರ್ಷ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಆರೋಗ್ಯ ಪುರವಣಿಯಲ್ಲಿ ಮಂಡಿಯ ಎಸಿಎಲ್ ಬಗ್ಗೆ, ಅಂದರೆ ಮೂಳೆಗಳನ್ನು ಹಿಡಿದಿಡುವ ಹಗ್ಗದಂಥ ಒಂದು ಲಿಗಮೆಂಟ್ ಬಗ್ಗೆ, ಒಂದು ಲೇಖನ ಬಂದಿತ್ತು. ಹರಿದರೆ ಆಪರೇಷನ್ ಮಾಡಿಸಲೇಬೇಕು, ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಮಂಡಿ ಮುಗಿದಂತೆಯೇ ಅಂತ ಅದರ ಸಾರಾಂಶ. ಯಾರೋ ಅದರ ಫೋಟೊ ತೆಗೆದು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಅರ್ಧ ಗಂಟೆಯೂ ಆಗಿರಲಿಲ್ಲ, ಇನ್ನೊಬ್ಬರು ಉತ್ತರವಾಗಿ ಒಂದು ವಿಡಿಯೊ ಹಾಕಿದರು. ಅದರಲ್ಲಿದ್ದ ಮಹಾನುಭಾವರು ಆಪರೇಷನ್ ಅನ್ನೋದೆಲ್ಲ ದಂಧೆ, ಅರಿಶಿನ ಹಾಲು ಕುಡಿದು ಎಣ್ಣೆ ತಿಕ್ಕಿಕೊಳ್ಳಿ ಸಾಕು ಅನ್ನುತ್ತಿದ್ದರು. ಮೊದಲು ನಗು ಬಂತು. ಆಮೇಲೆ ಎರಡರ ಮೇಲೂ ಸಿಟ್ಟು ಬಂತು. ಯಾಕೆಂದರೆ ನನ್ನ ಎಡ ಮಂಡಿಯಲ್ಲಿ ಆ ಲಿಗಮೆಂಟ್ ಇಲ್ಲ. 1998ರಿಂದ ಇಲ್ಲ, ಮತ್ತೆ ಕಟ್ಟಿಸಿಕೊಂಡೂ ಇಲ್ಲ. ಮಂಡಿ ಮುಗಿದಿಲ್ಲ, ಹಾಗಂತ ಚೆನ್ನಾಗಿಯೂ ಇಲ್ಲ. ಈ ಮಧ್ಯದ ಕಥೆಯನ್ನು ಯಾರೂ ಬರೆಯುವುದಿಲ್ಲ, ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಬೇಕಾದರೆ ಕತ್ತರಿಸಿಕೊಳ್ಳಿ.

ನಾನು ಡಾಕ್ಟರಲ್ಲ. ಬ್ಯಾಂಕಿನಲ್ಲಿ ಕೆಲಸ, ವಾಸ ರಾಜಾಜಿನಗರ, ವಯಸ್ಸು 47. ಓದುವಾಗ ಖೋಖೋ ಆಡುತ್ತಿದ್ದೆ. ಬಿಕಾಂ ಕೊನೇ ವರ್ಷ, ಅಂತರ ಕಾಲೇಜು ಪಂದ್ಯ. ಅಟ್ಟಿಕೊಂಡು ಹೋಗಿ ಕಂಬ ಹಿಡಿದು ತಿರುಗಿದೆ, ಮೈ ತಿರುಗಿತು, ಪಾದ ಮಣ್ಣಿನಲ್ಲಿ ಕಚ್ಚಿಕೊಂಡು ಅಲ್ಲೇ ನಿಂತಿತು. ಮಂಡಿಯೊಳಗೆ ಟಕ್ ಅಂತ ಒಂದು ಸದ್ದು. ಪಕ್ಕದ ಚೌಕದಲ್ಲಿ ಕೂತಿದ್ದ ಗೆಳತಿಗೂ ಕೇಳಿಸಿತಂತೆ. ಎರಡು ಗಂಟೆಯೊಳಗೆ ಮಂಡಿ ಪಪ್ಪಾಯಿ ಹಣ್ಣಿನಂತೆ ಊದಿತ್ತು. ಸದ್ದು, ಕೂಡಲೇ ಊತ, ಎದ್ದು ನಿಲ್ಲಲು ಹೋದರೆ ಕಾಲು ನನ್ನದಲ್ಲವೇನೋ ಅನ್ನುವ ಭಾವನೆ. ಈ ಮೂರೂ ಒಟ್ಟಿಗೆ ಬಂದರೆ ಎಸಿಎಲ್ ಅಂತ ಅನುಮಾನ ಪಡಬೇಕು ಎಂದು ಈಗ ಗೊತ್ತು. ಆಗ ಯಾರಿಗೂ ಗೊತ್ತಿರಲಿಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರು ಸ್ಪ್ರೇ ಹೊಡೆದು 'ಉಳುಕಿದೆ ಬಿಡಮ್ಮ' ಅಂದರು. ಎಕ್ಸ್‌ರೇ ತೆಗೆಸಿದರು, ಮೂಳೆ ಸರಿಯಾಗಿತ್ತು. ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ ಅನ್ನುವುದನ್ನು ನಮಗೆ ಹೇಳಿದವರಿಲ್ಲ.

ಆಮೇಲೆ ಎಲ್ಲ ಬೆಂಗಳೂರಿನವರ ಹಾಗೆ ನಮ್ಮ ತಂದೆಯವರು ಪುತ್ತೂರು ಕಟ್ಟು ಹಾಕಿಸಿದರು. ಅದನ್ನು ಹಳಿಯಲಾರೆ. ಮೂರು ವಾರದಲ್ಲಿ ಊತ ಇಳಿಯಿತು, ಆರು ವಾರಕ್ಕೆ ನಡೆದೆ, ಪರೀಕ್ಷೆ ಬರೆದೆ. ಎಲ್ಲರೂ ವಾಸಿಯಾಯಿತು ಅಂದುಕೊಂಡೆವು. ಕಟ್ಟು ಹಾಕಲಿ ಬಿಡಲಿ, ಆ ಊತ ಹೇಗೂ ಇಳಿಯುತ್ತಿತ್ತು. ಈ ಲಿಗಮೆಂಟ್ ಮೋಸ ಮಾಡುವುದೇ ಇಲ್ಲಿ.

ಮಂಡಿಯ ನಡುವೆ ಎರಡು ಹಗ್ಗಗಳು ಕತ್ತರಿಯ ಹಾಗೆ ಒಂದನ್ನೊಂದು ದಾಟಿ ಹೋಗುತ್ತವೆ. ಮುಂದಿನದು ಎಸಿಎಲ್. ಉದ್ದ ಹೆಚ್ಚೂಕಮ್ಮಿ ಮೂರೂವರೆ ಸೆಂಟಿಮೀಟರ್, ನಮ್ಮ ಕಿರುಬೆರಳಿಗಿಂತ ಗಿಡ್ಡ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ನಾವು ತಿರುಗುವಾಗ ಮಂಡಿ ತಿರುಚಿಕೊಳ್ಳದಂತೆ ಹಿಡಿಯುವುದು ಅದರ ಕೆಲಸ. ನೇರವಾಗಿ ನಡೆಯಲು, ಸೈಕಲ್ ತುಳಿಯಲು ಅದು ಅಷ್ಟಾಗಿ ಬೇಡ. ಹಾಗಾಗಿ ನೋವು ಹೋದಮೇಲೆ ಮನೆ, ಬಸ್ಸು, ಆಫೀಸು ಅಂತ ನೆಟ್ಟಗೆ ಓಡಾಡಿಕೊಂಡಿರುವವರಿಗೆ ಅದು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುಗಿದಾಗ ಗೊತ್ತಾಗುತ್ತದೆ.

ನನಗೆ ಗೊತ್ತಾಗಿದ್ದು 2002ರಲ್ಲಿ, ನವರಂಗ್ ಹತ್ತಿರ ಬಸ್ಸಿನಿಂದ ಇಳಿಯುವಾಗ. ಎಡಗಾಲು ಕೆಳಗಿಟ್ಟೆ, ಹಿಂದಿನಿಂದ ಯಾರೋ ಕೂಗಿದರು ಅಂತ ತಿರುಗಿದೆ. ಮಂಡಿ ಕೈಕೊಟ್ಟಿತು. ಮಂಡಿ ಹೇಗೆ ಕೈ ಕೊಡುತ್ತೆ ಅಂತ ನನ್ನ ಮಗಳು ತಮಾಷೆ ಮಾಡುತ್ತಾಳೆ, ಆದರೆ ಇದಕ್ಕಿಂತ ಒಳ್ಳೆ ಮಾತು ನನಗೆ ಸಿಕ್ಕಿಲ್ಲ. ಮೇಲಿನ ಮೂಳೆ ಕೆಳಗಿನ ಮೂಳೆಯ ಮೇಲಿಂದ ಪುಸಕ್ಕನೆ ಜಾರಿ ಮತ್ತೆ ಕೂತ ಹಾಗೆ. ಒಂದು ಕ್ಷಣ ಅಷ್ಟೆ. ರಸ್ತೆಯಲ್ಲೇ ಕೂತುಬಿಟ್ಟೆ. ಒಂದು ವಾರ ಊತ, ಆಮೇಲೆ ಸರಿಹೋಯಿತು. ಅದಾದಮೇಲೆ ವರ್ಷಕ್ಕೆ ಎರಡು ಸಲ, ಮೂರು ಸಲ. ಒದ್ದೆ ಬಚ್ಚಲು, ಮದುವೆ ಛತ್ರದ ಮೆಟ್ಟಿಲು, ಒಮ್ಮೆ ಸುಮ್ನೆ ಹಾಲಿನ ಪಾತ್ರೆ ಹಿಡಿದುಕೊಂಡು ತಿರುಗಿದ್ದಕ್ಕೇ. ಪ್ರತಿ ಸಲ ಹಳೇ ಉಳುಕು ಅಂತ ಬ್ಯಾಂಡೇಜ್ ಸುತ್ತಿಕೊಂಡೆ. ಏಳು ವರ್ಷ ಹೀಗೇ.

2009ರಲ್ಲಿ ರಸ್ತೆ ಪಕ್ಕದ ಮರಳಿನ ಮೇಲೆ ಸ್ಕೂಟರ್ ಜಾರಿತು. ಕಾಲು ಊರಿದೆ, ಮಂಡಿ ತಿರುಚಿತು, ಈ ಸಲ ಅರ್ಧ ಮಡಚಿದಲ್ಲೇ ಲಾಕ್ ಆಯಿತು. ನೇರ ಮಾಡಲೂ ಆಗದು, ಪೂರ್ತಿ ಮಡಚಲೂ ಆಗದು. ಆಗ ನೋಡಿದ ಡಾಕ್ಟರು ಮಂಡಿ ಸ್ವಲ್ಪ ಬಗ್ಗಿಸಿ ಕೆಳಗಾಲನ್ನು ಮುಂದಕ್ಕೆ ಎಳೆದರು. ಮೇಜಿನ ಡ್ರಾಯರ್ ಬಂದ ಹಾಗೆ ಬಂತು. ಎಂಆರ್‌ಐ ಆದಮೇಲೆ ಅವರು ಹೇಳಿದ್ದು ಇಷ್ಟು: 'ಏನಮ್ಮಾ, ಹಗ್ಗ ಹೋಗಿ ಹತ್ತು ವರ್ಷವೇ ಆಗಿರಬೇಕು, ಈಗ ಕುಷನ್ನೂ ಹರಿದುಕೊಂಡು ಬಂದಿದ್ದೀಯಲ್ಲ.'

ಕುಷನ್ ಅಂದರೆ ಮೆನಿಸ್ಕಸ್. ಎರಡು ಮೂಳೆಗಳ ನಡುವೆ ಇರುವ ಅರ್ಧಚಂದ್ರದ ಆಕಾರದ ಮೆತ್ತೆ. ಭಾರ ಹಂಚುವುದು ಅದೇ. ಎಸಿಎಲ್ ಇಲ್ಲದ ಮಂಡಿ ಜಾರಿದಾಗೆಲ್ಲ ಈ ಮೆತ್ತೆಯ ಹಿಂತುದಿ, ಅದರಲ್ಲೂ ಒಳಬದಿಯದು, ಮೂಳೆಗಳ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಬಾಗಿಲ ಸಂದಿಗೆ ಚೂರು ರಬ್ಬರ್ ಕೊಟ್ಟು ಬಾಗಿಲು ಬಡಿಯುತ್ತಾ ಇದ್ದರೆ ಏನಾಗುತ್ತೋ ಅದು. ನನ್ನದು ಹರಿದು, ಹರಿದ ತುಂಡು ಮಡಚಿಕೊಂಡು ಕೀಲಿನ ಮಧ್ಯೆ ಸಿಕ್ಕಿಹಾಕಿಕೊಂಡಿತ್ತು. ಹೊಲಿಯುವ ಸ್ಥಿತಿ ದಾಟಿತ್ತು, ಸಣ್ಣ ತೂತು ಮಾಡಿ ಆ ತುಂಡನ್ನು ತೆಗೆದರು. ಲಿಗಮೆಂಟನ್ನೂ ಹೊಸದಾಗಿ ಕಟ್ಟೋಣ ಅಂದರು. ನಾನೇ ಬೇಡ ಅಂದೆ. ಮಗಳಿಗೆ ಎರಡು ವರ್ಷ, ರಜೆ ಇಲ್ಲ, ದುಡ್ಡೂ ಇರಲಿಲ್ಲ. ಇದು ವೈದ್ಯಕೀಯ ತೀರ್ಮಾನವೇ ಅಲ್ಲ, ಮನೆಯ ತೀರ್ಮಾನ. ನಮ್ಮಲ್ಲಿ ಬಹಳ ಜನರ, ಅದರಲ್ಲೂ ಹೆಂಗಸರ ಮಂಡಿಯ ಹಣೆಬರಹ ಹೀಗೇ ಬರೆಯಲ್ಪಡುತ್ತದೆ, ಅಲ್ವಾ?

ನನ್ನ ಪುಣ್ಯಕ್ಕೆ ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿ ಸಿಕ್ಕಳು. ಅವಳು ಮೊದಲ ದಿನವೇ ಟೇಪ್ ತೆಗೆದು ಎರಡೂ ತೊಡೆ ಅಳೆದಳು. ಎಡತೊಡೆ ಮೂರು ಸೆಂಟಿಮೀಟರ್ ಸಣ್ಣ! ಹನ್ನೊಂದು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮಂಡಿಗೆ ಪೆಟ್ಟಾದಾಗ ತೊಡೆಯ ಮುಂಭಾಗದ ಸ್ನಾಯುವನ್ನು ನರಗಳೇ ಸುಮ್ಮನಾಗಿಸುತ್ತವೆ, ಊತ ಇಳಿದರೂ ಅದು ತಾನಾಗಿ ಏಳುವುದಿಲ್ಲ, ಎಬ್ಬಿಸಬೇಕು ಅಂತ ವಿವರಿಸಿದಳು. ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತುವುದರಿಂದ ಶುರು. ಕಾಲಿಗೆ ಅಕ್ಕಿ ಕಟ್ಟಿದ ಚೀಲ ಸುತ್ತಿಕೊಂಡು ಎತ್ತುವುದು. ಗೋಡೆಗೆ ಒರಗಿ ಇಲ್ಲದ ಕುರ್ಚಿಯ ಮೇಲೆ ಕೂರುವುದು. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜುವುದು, ಅತ್ತೆಯವರು ಇದನ್ನು ನೋಡಿ ಇವಳಿಗೆ ಏನಾಯಿತಪ್ಪ ಅಂತ ಗಾಬರಿಯಾಗಿದ್ದರು. ತೊಡೆಯ ಹಿಂಭಾಗದ ಸ್ನಾಯುವಿಗೂ ಅಷ್ಟೇ ಒತ್ತು, ಯಾಕೆಂದರೆ ಕೆಳಗಾಲನ್ನು ಹಿಂದಕ್ಕೆ ಎಳೆದು ಹಿಡಿಯುವುದು ಅದು, ಹೋದ ಹಗ್ಗದ ಕೆಲಸವನ್ನು ಸ್ವಲ್ಪ ಮಟ್ಟಿಗೆ ಮಾಡುವುದು ಅದೇ. ಐದು ತಿಂಗಳು ಬಿಡದೆ ಮಾಡಿದೆ. ಈಗಲೂ ವಾರಕ್ಕೆ ಮೂರು ದಿನ ಮಾಡುತ್ತೇನೆ. 2009ರಿಂದ ಇವತ್ತಿನವರೆಗೆ ಮಂಡಿ ಕೈಕೊಟ್ಟಿದ್ದು ಎರಡೇ ಸಲ. ಎರಡೂ ಸಲ ನಾನು ವ್ಯಾಯಾಮ ಬಿಟ್ಟಿದ್ದ ಕಾಲದಲ್ಲೇ.

ಹಾಗಾದರೆ ಈಗ ಹೇಗಿದೆ? ಕೇಳುತ್ತೀರಿ ಅಂತ ಗೊತ್ತು. ಬೆಳಗ್ಗೆ ಪಾರ್ಕಿನಲ್ಲಿ ಒಂದು ಗಂಟೆ ನಡೆಯುತ್ತೇನೆ. ಮೆಟ್ರೊ ಮೆಟ್ಟಿಲು ಹತ್ತುವುದು ಸಲೀಸು, ಇಳಿಯುವುದು ಕಷ್ಟ. ರಂಗೋಲಿ ಹಾಕಲು ಕುಕ್ಕರಗಾಲಲ್ಲಿ ಕೂರಲಾಗುವುದಿಲ್ಲ, ಬಗ್ಗಿಯೇ ಹಾಕುತ್ತೇನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಹತ್ತು ನಿಮಿಷಕ್ಕೆ ಏಳಬೇಕು, ಹಾಗಾಗಿ ವರಮಹಾಲಕ್ಷ್ಮಿ ಪೂಜೆಗೆ ಸ್ಟೂಲ್. ಹೋದ ವರ್ಷದ ಎಕ್ಸ್‌ರೇಯಲ್ಲಿ ಮಂಡಿಯ ಒಳಬದಿಯ ಸಂದಿ ಕಿರಿದಾಗಿದೆ. ಅಂದರೆ ಸವೆತ ಶುರು. ಸರಿಯಾಗಿ ಮೆತ್ತೆ ತೆಗೆದ ಜಾಗದಲ್ಲೇ. ನನ್ನ ಅಮ್ಮನಿಗೆ ಅದು ಬಂದಿದ್ದು 65ಕ್ಕೆ.

ನಿಮ್ಮ ಲೇಖನದ ಪ್ರಕಾರ ಇದು ಆಪರೇಷನ್ ಮಾಡಿಸದ್ದಕ್ಕೆ ಸಿಕ್ಕ ಶಿಕ್ಷೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಬ್ಯಾಂಕಿನವಳಿಗೆ ಅಂಕಿ ನೋಡುವ ಚಟ. ಹುಡುಕಿ ಓದಿದೆ, ಅರ್ಥವಾಗದ್ದನ್ನು ಆ ಫಿಸಿಯೋ ಹುಡುಗಿಯನ್ನೇ ಕೇಳಿದೆ.

ಸ್ವೀಡನ್‌ನಲ್ಲಿ 121 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು. 18ರಿಂದ 35 ವಯಸ್ಸಿನವರು, ಲಿಗಮೆಂಟ್ ಆಗಷ್ಟೇ ಹರಿದವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, 62 ಜನರಿಗೆ ಬೇಗ ಆಪರೇಷನ್ ಮತ್ತು ಫಿಸಿಯೋ, ಉಳಿದ 59 ಜನರಿಗೆ ಮೊದಲು ಬರೀ ಫಿಸಿಯೋ, ಆಗದಿದ್ದರೆ ಆಮೇಲೆ ಆಪರೇಷನ್. 2010ರಲ್ಲಿ ಎರಡು ವರ್ಷದ ಫಲಿತಾಂಶ ಬಂತು, 2013ರಲ್ಲಿ ಐದು ವರ್ಷದ್ದು. ಆ 59 ಜನರಲ್ಲಿ ಐದು ವರ್ಷದೊಳಗೆ 30 ಜನ ಆಪರೇಷನ್ ಮಾಡಿಸಿಕೊಂಡರು, 29 ಜನರಿಗೆ ಅದು ಬೇಕಾಗಲೇ ಇಲ್ಲ. ನೋವು, ಓಡಾಟ, ಎಕ್ಸ್‌ರೇಯಲ್ಲಿ ಕಾಣುವ ಸವೆತ, ಯಾವುದರಲ್ಲೂ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವೃತ್ತಿಪರ ಆಟಗಾರರನ್ನು ಮಾತ್ರ ಅದಕ್ಕೆ ಸೇರಿಸಿಕೊಂಡಿರಲಿಲ್ಲ, ಅದನ್ನೂ ಹೇಳಬೇಕು.

ಇದನ್ನು ಓದಿ ನಾನು ಗೆದ್ದೆ ಅಂತ ಬೀಗಿದೆ. ಆಮೇಲೆ ಅವಳು ಇನ್ನೊಂದನ್ನು ಓದಲು ಕೊಟ್ಟಳು. 2022ರಲ್ಲಿ ಬ್ರಿಟನ್ನಿನದು, ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದ್ದು. ಅಲ್ಲಿ 316 ಜನ. ಇವರು ಹೊಸದಾಗಿ ಬಿದ್ದವರಲ್ಲ, ಪೆಟ್ಟಾಗಿ ಕಾಲ ಕಳೆದಿದೆ, ಆದರೂ ಮಂಡಿ ಕೈಕೊಡುತ್ತಲೇ ಇದೆ ಅನ್ನುವವರು. ಇವರಲ್ಲಿ ಒಂದೂವರೆ ವರ್ಷದ ನಂತರ ಆಪರೇಷನ್ ಗುಂಪಿನವರೇ ಚೆನ್ನಾಗಿದ್ದರು. ನೂರಕ್ಕೆ ಅಂಕ ಕೊಡುವ ಲೆಕ್ಕದಲ್ಲಿ ಅವರಿಗೆ 73, ಫಿಸಿಯೋ ಗುಂಪಿಗೆ 64.6.

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. 1998ರಲ್ಲಿ ನಾನು ಸ್ವೀಡನ್ನಿನ ಹುಡುಗಿ, ಕಾಯಬಹುದಿತ್ತು. 2002ರಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದೆನಲ್ಲ, ಅದಾದ ಮೇಲೆ ನಾನು ಬ್ರಿಟನ್ನಿನ ಗುಂಪಿನವಳು. ಆ ಏಳು ವರ್ಷದಲ್ಲಿ ಆಪರೇಷನ್ನನ್ನಾದರೂ ಮಾಡಿಸಬೇಕಿತ್ತು, ಇಲ್ಲಾ ಆಗಲೇ ಸರಿಯಾದ ಫಿಸಿಯೋ ಹಿಡಿಯಬೇಕಿತ್ತು. ಎರಡೂ ಮಾಡಲಿಲ್ಲ. ನಾನು ಮಾಡಿದ್ದು ಆಪರೇಷನ್ ಇಲ್ಲದ ಚಿಕಿತ್ಸೆಯಲ್ಲ, ಚಿಕಿತ್ಸೆಯೇ ಇಲ್ಲದ ಏಳು ವರ್ಷ. ಈ ಎರಡನ್ನೂ ನಿಮ್ಮ ಲೇಖನ ಒಂದೇ ಸಾಲಿನಲ್ಲಿ ಕಟ್ಟಿಹಾಕಿದೆ, ನನ್ನ ಮುಖ್ಯ ತಕರಾರು ಅದು.

ಸವೆತದ ವಿಷಯಕ್ಕೆ ಬರೋಣ. ಆಪರೇಷನ್ ಮಾಡಿಸಿದರೆ ಸವೆತ ಬರುವುದಿಲ್ಲ ಅಂತ ನೀವು ಬರೆದಿದ್ದೀರಿ. ಅದು ಸರಿಯಲ್ಲ. ನೆದರ್ಲೆಂಡ್ಸ್‌ನಲ್ಲಿ ಉನ್ನತ ಮಟ್ಟದ 50 ಕ್ರೀಡಾಪಟುಗಳನ್ನು 20 ವರ್ಷದ ನಂತರ ಮತ್ತೆ ನೋಡಿದರು, 25 ಜನ ಆಪರೇಷನ್ ಆದವರು, 25 ಜನ ಆಗದವರು. ಸವೆತ ಕಂಡದ್ದು ಆಪರೇಷನ್ ಆದವರಲ್ಲಿ 80%, ಆಗದವರಲ್ಲಿ 68%. ಇಷ್ಟು ಚಿಕ್ಕ ಗುಂಪಿನಲ್ಲಿ ಈ ಅಂತರಕ್ಕೆ ಬೆಲೆ ಇಲ್ಲ, ಎರಡೂ ಒಂದೇ ಅಂತ ತಿಳಿಯಬೇಕು. ಆಪರೇಷನ್ ಆದವರ ಮಂಡಿ ಜಾಸ್ತಿ ಗಟ್ಟಿಯಾಗಿ ನಿಲ್ಲುತ್ತಿತ್ತು, ಅದು ನಿಜ. ಆದರೆ ಸವೆತ ತಪ್ಪಲಿಲ್ಲ. ಸ್ವೀಡನ್ನಿನಲ್ಲೇ ಲಿಗಮೆಂಟ್ ಹರಿದುಕೊಂಡ ಫುಟ್‌ಬಾಲ್ ಆಟಗಾರ್ತಿಯರನ್ನು 12 ವರ್ಷದ ನಂತರ ಎಕ್ಸ್‌ರೇ ತೆಗೆದು ನೋಡಿದಾಗಲೂ ಇದೇ ಕಥೆ. ಸರಾಸರಿ ವಯಸ್ಸು 31, ಅರ್ಧದಷ್ಟು ಜನರ ಮಂಡಿಯಲ್ಲಿ ಸವೆತ, ಆಪರೇಷನ್ ಆಗಿದ್ದರೂ ಅಷ್ಟೇ ಆಗದಿದ್ದರೂ ಅಷ್ಟೇ. ಪೆಟ್ಟು ಬಿದ್ದ ದಿನವೇ ಮೂಳೆಯ ಮೇಲಿನ ನುಣುಪು ಪದರಕ್ಕೂ ಏಟಾಗಿರುತ್ತದೆ, ಹಗ್ಗ ಹೊಸದಾಗಿ ಕಟ್ಟಿದರೆ ಅದು ವಾಪಸ್ ಬರುವುದಿಲ್ಲ.

ಹಾಗಾದರೆ ಯಾವುದರಿಂದ ವ್ಯತ್ಯಾಸ ಆಗುತ್ತೆ? ಮೆತ್ತೆಯಿಂದ. ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ಹಿಂಬಾಲಿಸಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಒಂದು ಲೆಕ್ಕ ಬಂತು. ಬರೀ ಎಸಿಎಲ್ ಹರಿದವರಲ್ಲಿ ಸವೆತ 0ಯಿಂದ 13%. ಮೆತ್ತೆಯೂ ಹರಿದವರಲ್ಲಿ 21ರಿಂದ 48%. ಈ ಎರಡು ಸಂಖ್ಯೆಗಳ ನಡುವೆ ಇರುವುದೇ ನನ್ನ 2002ರಿಂದ 2009. ಆಪರೇಷನ್ ಮಾಡಿಸಲಿ ಬಿಡಲಿ, ಮಂಡಿ ಮತ್ತೆ ಮತ್ತೆ ಜಾರದಂತೆ ನೋಡಿಕೊಳ್ಳುವುದೇ ಅರ್ಧ ಚಿಕಿತ್ಸೆ. ಸ್ನಾಯುವಿನಿಂದ ಆಗುವವರಿಗೆ ಸ್ನಾಯುವಿನಿಂದ ಆಗುತ್ತೆ. ಆಗದವರು ಹಟ ಹಿಡಿಯದೆ ಆಪರೇಷನ್‌ಗೆ ಹೋಗಬೇಕು. ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳಲು ಬರುವುದಿಲ್ಲ. 1983ರಲ್ಲೇ ನೋಯ್ಸ್ ಅನ್ನುವ ಅಮೆರಿಕದ ಡಾಕ್ಟರು ಮೂರರಲ್ಲಿ ಒಂದು ಪಾಲು ಜನ ಹಾಗೇ ನಿಭಾಯಿಸುತ್ತಾರೆ, ಒಂದು ಪಾಲು ಆಟ ಕಡಿಮೆ ಮಾಡಿಕೊಂಡು ಹೊಂದಿಕೊಳ್ಳುತ್ತಾರೆ, ಇನ್ನೊಂದು ಪಾಲಿಗೆ ಆಪರೇಷನ್ ಬೇಕಾಗುತ್ತದೆ ಅಂದಿದ್ದರು. ತೀರಾ ಸರಳ ಮಾಡಿದ ಲೆಕ್ಕ ಅದು, ಆದರೆ ನಮ್ಮ ಬ್ಯಾಂಕಿನಲ್ಲೇ ನನಗೆ ಮೂರೂ ತರದವರು ಗೊತ್ತು.

ನಮ್ಮ ಚಿಕ್ಕಪ್ಪನ ಮಗನ ವಿಷಯ ಹೇಳದಿದ್ದರೆ ಅನ್ಯಾಯವಾಗುತ್ತೆ. ರಾತ್ರಿ ಹತ್ತು ಗಂಟೆಗೆ ಟರ್ಫ್‌ನಲ್ಲಿ ಫುಟ್‌ಬಾಲ್ ಆಡುವ ಜಾತಿ ಅವನು. 29ಕ್ಕೆ ಹರಿದುಕೊಂಡ. ಎರಡು ತಿಂಗಳು ಫಿಸಿಯೋ ಮಾಡಿ, ತೊಡೆ ಗಟ್ಟಿ ಮಾಡಿಕೊಂಡು, ಆಮೇಲೆ ಆಪರೇಷನ್ ಮಾಡಿಸಿಕೊಂಡ. ತೊಡೆಯ ಹಿಂದಿನ ಸ್ನಾಯುರಜ್ಜು ತೆಗೆದು ಹೊಸ ಹಗ್ಗ ಮಾಡಿದರು. ಆರು ತಿಂಗಳಿಗೇ ಆಡುತ್ತೇನೆ ಅಂತ ಕುಣಿದ, ಡಾಕ್ಟರು ಬಿಡಲಿಲ್ಲ. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕಿಳಿದವರಲ್ಲಿ ಮತ್ತೆ ಪೆಟ್ಟಾಗುವುದು ಬಹಳ ಜಾಸ್ತಿ ಅಂತ ನಾರ್ವೆಯ ಅಧ್ಯಯನವೊಂದು 2016ರಲ್ಲೇ ತೋರಿಸಿದೆ. ಒಂದು ವರ್ಷ ಕಾದ, ಈಗ ಆಡುತ್ತಾನೆ. ಓಡುತ್ತಾ ಗಕ್ಕನೆ ತಿರುಗುವ ಆಟ ಬಿಡಲಾರೆ ಅನ್ನುವವನಿಗೆ ಆಪರೇಷನ್ನೇ ಸರಿ, ನನ್ನದೇನೂ ತಕರಾರಿಲ್ಲ. ಕಬಡ್ಡಿ, ಕುಸ್ತಿಯವರಿಗೂ ಅಷ್ಟೇ. ಜೊತೆಗೆ ಹೊಲಿಯಬಹುದಾದ ಮೆನಿಸ್ಕಸ್ ಹರಿದಿದ್ದರೆ ತಡ ಮಾಡಲೇಬಾರದು. ಎರಡು ಮೂರು ಲಿಗಮೆಂಟ್ ಒಟ್ಟಿಗೆ ಹೋದರಂತೂ ಲೆಕ್ಕವೇ ಬೇರೆ. ರಿಷಭ್ ಪಂತ್ 2022ರ ಡಿಸೆಂಬರ್ ಕೊನೆಯಲ್ಲಿ ಕಾರು ಅಪಘಾತವಾಗಿ, ಆಪರೇಷನ್ ಆಗಿ, ಐಪಿಎಲ್‌ಗೆ ಮರಳಿದ್ದು 2024ರ ಮಾರ್ಚ್‌ನಲ್ಲಿ. ಅವರನ್ನು ತೋರಿಸಿ ಎಲ್ಲರಿಗೂ ಆಪರೇಷನ್ ಬೇಕು ಅನ್ನುವುದು ಎಷ್ಟು ತಪ್ಪೋ, ವಾಟ್ಸಾಪ್‌ನವರು ಹೈನ್ಸ್ ವಾರ್ಡ್ ಅನ್ನುವ ಅಮೆರಿಕದ ಆಟಗಾರನನ್ನು ತೋರಿಸಿ ಯಾರಿಗೂ ಬೇಡ ಅನ್ನುವುದೂ ಅಷ್ಟೇ ತಪ್ಪು. ಆತನ ಎಡ ಮಂಡಿಯಲ್ಲಿ ಎಸಿಎಲ್ ಇರಲಿಲ್ಲ, 2006ರ ಸೂಪರ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್‌ನಲ್ಲಿ, ಶ್ರೇಷ್ಠ ಆಟಗಾರನಾದ, ಎಲ್ಲ ನಿಜ. ಆತನ ತೊಡೆ ನೋಡಿದ್ದೀರಾ?

ಇನ್ನು ಪುತ್ತೂರು ಕಟ್ಟಿನ ಬಗ್ಗೆ. ಎಸಿಎಲ್ ತಾನಾಗಿ ಕೂಡುವುದೇ ಇಲ್ಲ ಅಂತ ಬಹಳ ಕಾಲದಿಂದ ನಂಬಿದ್ದರು, ನಿಮ್ಮ ಲೇಖನದಲ್ಲೂ ಹಾಗೇ ಇದೆ. ಈಗ ಆ ಮಾತು ಅಲುಗಾಡುತ್ತಿದೆ. ಮೇಲೆ ಹೇಳಿದ ಸ್ವೀಡನ್ ಗುಂಪಿನಲ್ಲಿ ಬರೀ ಫಿಸಿಯೋ ಮಾಡಿಕೊಂಡೇ ಇದ್ದವರ ಎಂಆರ್‌ಐಗಳನ್ನು ಮತ್ತೆ ತೆಗೆದು ನೋಡಿದರೆ, ಎರಡು ವರ್ಷದ ಹೊತ್ತಿಗೆ 53% ಜನರಲ್ಲಿ ಲಿಗಮೆಂಟ್ ಕೂಡಿಕೊಂಡ ಗುರುತು ಕಂಡಿತಂತೆ. ಆಸ್ಟ್ರೇಲಿಯಾದಲ್ಲಿ ಇನ್ನೂ ಮುಂದೆ ಹೋಗಿ, 80 ಜನರ ಮಂಡಿಯನ್ನು 90 ಡಿಗ್ರಿ ಮಡಚಿ ನಾಲ್ಕು ವಾರ ಬ್ರೇಸ್‌ನಲ್ಲಿ (ಮಂಡಿ ಅಲುಗಾಡದಂತೆ ಹಿಡಿಯುವ ಪಟ್ಟಿ) ಇಟ್ಟು, ಆಮೇಲೆ ನಿಧಾನವಾಗಿ ಬಿಡಿಸುತ್ತಾ 12 ವಾರಕ್ಕೆ ತೆಗೆದರು. ಮೂರು ತಿಂಗಳ ಎಂಆರ್‌ಐಯಲ್ಲಿ 90% ಜನರಲ್ಲಿ ಕೂಡಿದ ಗುರುತು. ಇದು 2023ರ ಸುದ್ದಿ, ಹೋಲಿಸಲು ಇನ್ನೊಂದು ಗುಂಪು ಇಲ್ಲದ ಅಧ್ಯಯನ, ಎಂಆರ್‌ಐಯಲ್ಲಿ ಕೂಡಿದ್ದೆಲ್ಲ ಗಟ್ಟಿ ಅಂತಲೂ ಅಲ್ಲ. ಇದನ್ನು ಹೇಳಿದಾಗ ನಮ್ಮ ತಂದೆಯವರು 'ನೋಡಿದ್ಯಾ, ನಾನು ಆಗಲೇ ಕಟ್ಟು ಹಾಕಿಸಿರಲಿಲ್ವಾ' ಅಂದರು. ಅಪ್ಪಾ, ಅವರು ತುಂಡಾದ ತುದಿಗಳು ಹತ್ತಿರ ಬರಲಿ ಅಂತ ಮಂಡಿ ಮಡಚಿ ಕಟ್ಟಿದ್ದು, ನನ್ನದನ್ನು ಕೋಲಿನ ಹಾಗೆ ನೇರ ಮಾಡಿ ಕಟ್ಟಿದ್ದರು ಅಂದೆ. ಅವರು ಒಪ್ಪಿಲ್ಲ. ಮನೆಯಲ್ಲಿ ಯಾರೂ ಇದನ್ನು ಸ್ವಂತಕ್ಕೆ ಮಾಡಲು ಹೋಗಬೇಡಿ, ವಾರಗಟ್ಟಲೆ ಕಾಲು ಅಲುಗಾಡದಿದ್ದರೆ ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ.

ಈಗ ನನ್ನ ನಿಜವಾದ ದೂರಿಗೆ ಬರುತ್ತೇನೆ. ದುಡ್ಡು. ಹೋದ ವರ್ಷ ಸವೆತ ಕಂಡಮೇಲೆ ಮತ್ತೆ ಫಿಸಿಯೋಗೆ ಹೋದೆ. ಒಂದು ಸಲಕ್ಕೆ 600 ರೂಪಾಯಿ, ವಾರಕ್ಕೆ ಎರಡು ಸಲ. ಮೂರು ತಿಂಗಳ ಲೆಕ್ಕ ನೀವೇ ಹಾಕಿ. ಇನ್ಶೂರೆನ್ಸ್‌ನವರನ್ನು ಕೇಳಿದರೆ ಆಸ್ಪತ್ರೆಯಲ್ಲಿ ಮಲಗದೆ ಮಾಡಿಸಿದ ಚಿಕಿತ್ಸೆಗೆ ಕೊಡುವುದಿಲ್ಲ ಅಂದರು. ಆಪರೇಷನ್ ಮಾಡಿಸಿ, ಪೂರ್ತಿ ಕೊಡುತ್ತೇವೆ! ಆಪರೇಷನ್ ಆದವರಿಗಾದರೂ ಆಸ್ಪತ್ರೆಯಿಂದ ಬಂದಮೇಲೆ ಸಾಮಾನ್ಯವಾಗಿ 60 ಅಥವಾ 90 ದಿನದ ಖರ್ಚು ಸಿಗುತ್ತದೆ, ಆದರೆ ಆ ಮಂಡಿಗೆ ಬೇಕಾಗಿರುವುದು ಒಂಬತ್ತು ತಿಂಗಳ ವ್ಯಾಯಾಮ. ಹೀಗಿರುವಾಗ ಜನ ಮಾಡುವುದೇನು? ಇನ್ಶೂರೆನ್ಸ್ ಇರುವವರು ಆಪರೇಷನ್ ಮಾಡಿಸಿಕೊಂಡು ಫಿಸಿಯೋ ಅರ್ಧಕ್ಕೆ ಬಿಡುತ್ತಾರೆ. ನಮ್ಮ ಎದುರು ಮನೆಯ ಹುಡುಗ ಹಾಗೇ ಮಾಡಿ ಮಂಡಿ ಪೂರ್ತಿ ಚಾಚಲಾಗದೆ ಕುಂಟುತ್ತಿದ್ದಾನೆ, ಹಗ್ಗ ಮಾತ್ರ ಹೊಸದು. ಇಲ್ಲದವರು ಎರಡನ್ನೂ ಬಿಟ್ಟು ನನ್ನ ಹಾಗೆ ಬ್ಯಾಂಡೇಜ್ ಸುತ್ತಿಕೊಂಡು ತಿರುಗುತ್ತಾರೆ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಮೂಳೆ ಆಸ್ಪತ್ರೆ ಊರಿಗೆ ಒಂದಿದೆ, ಸಂತೋಷ. ಆದರೆ ಯಲಹಂಕದಿಂದಲೋ ಕೆಂಗೇರಿಯಿಂದಲೋ ವಾರಕ್ಕೆ ಎರಡು ಸಲ ಅರ್ಧ ದಿನ ರಜೆ ಹಾಕಿ ಕುಂಟುತ್ತಾ ಯಾರು ಬರುತ್ತಾರೆ? ಬಡಾವಣೆಯ ಆರೋಗ್ಯ ಕೇಂದ್ರಗಳಲ್ಲಿ ಸಂಜೆ ಹೊತ್ತು ಒಬ್ಬ ಫಿಸಿಯೋ ಕೂತರೆ ಎಷ್ಟೋ ಮಂಡಿಗಳು ಉಳಿಯುತ್ತವೆ. ಯಂತ್ರಗಳೂ ಬೇಡ, ಒಂದು ಮಂಚ, ಒಂದು ಮೆಟ್ಟಿಲು, ನನಗೆ ಕೊಟ್ಟಂಥ ಅಕ್ಕಿ ಚೀಲ ಸಾಕು. ಇದನ್ನು ನಿಮ್ಮ ವರದಿಗಾರರು ಒಮ್ಮೆ ಸುತ್ತಾಡಿ ಬರೆಯಲಿ.

ಹಾಗೇ ಶಾಲೆಗಳಿಗೂ ಹೋಗಲಿ. ಹುಡುಗಿಯರಲ್ಲಿ ಈ ಲಿಗಮೆಂಟ್ ಹರಿಯುವುದು ಹುಡುಗರಿಗಿಂತ ಜಾಸ್ತಿ. ಆಟಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಹಾರಿ ಇಳಿಯುವುದು, ತಿರುಗುವುದು, ತೊಡೆ ಗಟ್ಟಿ ಮಾಡುವುದನ್ನು ಕ್ರಮವಾಗಿ ಕಲಿಸಿದರೆ ಈ ಪೆಟ್ಟು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ಹಲವು ಅಧ್ಯಯನಗಳು ಹೇಳಿವೆ. ಫುಟ್‌ಬಾಲ್‌ನವರು ಇದನ್ನು ಹನ್ನೊಂದು ಪ್ಲಸ್ ಅನ್ನುವ ಹೆಸರಿನಲ್ಲಿ ಮಾಡಿಟ್ಟಿದ್ದಾರೆ, ಪುಕ್ಕಟೆ ಸಿಗುತ್ತದೆ. ನಮ್ಮ ಖೋಖೋ ಮಕ್ಕಳಿಗೆ ಇನ್ನೂ ಎರಡು ಸುತ್ತು ಓಡಿ ಬಾ ಅನ್ನುವುದೇ ವಾರ್ಮಪ್. ನನ್ನ ಮಗಳು ಥ್ರೋಬಾಲ್ ಆಡುತ್ತಾಳೆ. ಅವಳಿಗೆ ಈ ಕಸರತ್ತು ಕಲಿಸಿದ್ದು ನಾನು, ಶಾಲೆಯಲ್ಲ.

ತೂಕದ ಬಗ್ಗೆ ನೀವು ಬರೆದದ್ದು ಮಾತ್ರ ಸರಿ ಇದೆ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ನಾಲ್ಕು ಕೆಜಿ ಭಾರ ಇಳಿಯುತ್ತದೆ. ನಾನು ಆರು ಕೆಜಿ ಇಳಿಸಿದೆ, ಮೆಟ್ಟಿಲು ಇಳಿಯುವ ನೋವು ಕಮ್ಮಿಯಾಯಿತು. ಯುಗಾದಿ ಹೋಳಿಗೆಗೆ ಎರಡು ಕೆಜಿ ವಾಪಸ್ ಬಂತು, ಅದು ಬೇರೆ ಮಾತು.

ಕೊನೆಗೆ ಒಂದು ತಿದ್ದುಪಡಿ ಹಾಕಬೇಕು ನೀವು. ಲೇಖನದ ಜೊತೆ ಕೊಟ್ಟ ಚಿತ್ರದಲ್ಲಿ ಹರಿದ ಲಿಗಮೆಂಟ್ ಇದು ಅಂತ ಬಾಣದ ಗುರುತು ಹಾಕಿದ್ದು ಮಂಡಿಯ ಒಳಪಕ್ಕದ ಲಿಗಮೆಂಟಿಗೆ. ಅದು ಎಂಸಿಎಲ್. ಎಸಿಎಲ್ ಇರುವುದು ಕೀಲಿನ ಒಳಗೆ, ಚಿಪ್ಪಿನ ಹಿಂದೆ, ನಿಮ್ಮ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ. ಎಂಸಿಎಲ್ ಒಂದೇ ಹರಿದಿದ್ದರೆ ಕೆಲವು ವಾರ ಬ್ರೇಸ್ ಹಾಕಿಕೊಂಡರೆ ಬಹುತೇಕ ಜನರಿಗೆ ಆಪರೇಷನ್ ಇಲ್ಲದೇ ಕೂಡಿಕೊಳ್ಳುತ್ತದೆ. ಆ ಚಿತ್ರ ನೋಡಿಕೊಂಡು ನಮ್ಮ ಗುಂಪಿನ ಒಬ್ಬರು, ಬ್ಯಾಡ್ಮಿಂಟನ್ ಆಡುವಾಗ ಮಂಡಿಯ ಒಳಪಕ್ಕ ನೋಯಿಸಿಕೊಂಡವರು, ಆಪರೇಷನ್‌ಗೆ ಎಷ್ಟಾಗುತ್ತೆ ಅಂತ ಆಗಲೇ ಎರಡು ಕಡೆ ವಿಚಾರಿಸಿದ್ದಾರೆ. ಅವರಿಗೆ ಮೊದಲು ಎಂಆರ್‌ಐ ಮಾಡಿಸಿ ಅಂದಿದ್ದೇನೆ. ತಿದ್ದುಪಡಿ ಈ ಭಾನುವಾರವೇ ಬಂದರೆ ಒಳ್ಳೆಯದು, ಅವರು ಸೋಮವಾರ ಡಾಕ್ಟರ ಹತ್ತಿರ ಹೋಗುವವರಿದ್ದಾರೆ.

ನಿಮ್ಮ ಹಳೇ ಓದುಗಿ,
ರಾಜಾಜಿನಗರ, ಬೆಂಗಳೂರು